ಸಾಲಿನ ತುದಿಯ ಚೀಟಿ

ಗಡಿಯಾರದ ಮೇಷ್ಟ್ರು ಎಂದರೆ ಊರಿಗೆಲ್ಲ ಗೊತ್ತು. ಪಾಠ ಹೇಳುವುದೇನಿದ್ದರೂ ಹೊಟ್ಟೆಪಾಡಿಗೆ. ತಾವು ಹುಟ್ಟಿದ್ದೇ ಚುನಾವಣೆಯ ದಿನ ಮತಗಟ್ಟೆ ನಡೆಸುವುದಕ್ಕೆ ಎಂಬುದು ಅವರ ಗಟ್ಟಿ ನಂಬಿಕೆ. ಇಪ್ಪತ್ತೆರಡು ವರ್ಷದಿಂದ ಆ ಒಂದು ದಿನ ಅವರಿಗೆ ಹಸಿವಿಲ್ಲ, ಬಾಯಾರಿಕೆಯಿಲ್ಲ, ನೆಂಟರಿಷ್ಟರಿಲ್ಲ. ಹೆಂಡತಿಯೂ ಇಲ್ಲ ಎನ್ನುವುದು ಈ ಸಲ ಗೊತ್ತಾಯಿತು.

ಆಕೆ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟವಳು. ಆವತ್ತು ಗಿರಾಕಿಯ ಅಂಗಿಗೆ ಗುಂಡಿ ಹಚ್ಚುತ್ತಾ, "ಹೋದರಾಯ್ತು ಬಿಡು, ಅಲ್ಲಿರೋದು ನಮ್ಮನೆಯವ್ರೇ ತಾನೇ" ಎಂದು ಆರಾಮಾಗಿ ಕೂತಳು. ಸಂಜೆ ಆರಕ್ಕೆ ಮತದಾನ ಮುಗಿಯಲು ಎರಡೇ ನಿಮಿಷ ಇದೆ ಎಂದು ಕಂಡಾಗ ಅಂಗಿಯನ್ನು ಅಲ್ಲೇ ಬಿಸಾಕಿ ಎದ್ದಳು. ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಓಡಿದಳು.

ಆರು ಹೊಡೆದೊಡನೆ ಸಾಲಿನಲ್ಲಿದ್ದವರಿಗೆಲ್ಲ ಚೀಟಿ ಕೊಡಬೇಕು. ಚೀಟಿ ಇದ್ದವರಿಗಷ್ಟೇ ಮತ. ಹಿಂದಿನಿಂದ ಯಾರೂ ಬಂದು ಸೇರಿಕೊಳ್ಳಬಾರದೆಂದು ಕೊನೆಯವರಿಂದಲೇ ಶುರು ಮಾಡುವುದು ಪದ್ಧತಿ. ಮೇಷ್ಟ್ರು ಸಾಲಿನ ತುದಿಯ ಮುದುಕನ ಕೈಗೆ ಮೊದಲ ಚೀಟಿ ಇಟ್ಟಾಗ ಆಕೆ ನಾಲ್ಕೇ ಹೆಜ್ಜೆ ದೂರದಲ್ಲಿದ್ದಳು.

"ರೀ, ನಾನು ಕಣ್ರೀ!"

"ಸಮಯ ಮುಗೀತಮ್ಮ."

ಅಮ್ಮ ಅಂತೆ ಅಮ್ಮ! ಮತ ಹೋದ ಸಂಕಟ ಒಂದು ಕಡೆ, ಈ ಉರಿ ಇನ್ನೊಂದು ಕಡೆ. ಮನೆಗೆ ಬಂದವಳೇ ಚುನಾವಣಾ ಕಚೇರಿಗೆ ಎರಡು ಪುಟ ದೂರು ಬರೆದಳು: "ಈ ಮನುಷ್ಯ ಕಟ್ಟಿಕೊಂಡ ಹೆಂಡತಿ ಅಂತಲೂ ನೋಡದೆ ನಾಲ್ಕು ಹೆಜ್ಜೆಗೆ ನನ್ನ ಮತ ತಪ್ಪಿಸಿದ್ದಾರೆ. ಇವರಿಗೆ ತಕ್ಕ ಶಾಸ್ತಿ ಆಗಬೇಕು."

ಆಯಿತು ಶಾಸ್ತಿ. ತಿಂಗಳೊಪ್ಪತ್ತಿನಲ್ಲಿ ಮೇಷ್ಟ್ರಿಗೆ ಸನ್ಮಾನದ ಕರೆ ಬಂತು! ಸಭೆಯಲ್ಲಿ ಚುನಾವಣಾ ಅಧಿಕಾರಿ ಮೇಡಂ ಆ ದೂರನ್ನೇ ಗಟ್ಟಿಯಾಗಿ ಓದಿ, "ಇದಕ್ಕಿಂತ ಒಳ್ಳೇ ಶಿಫಾರಸು ನಮಗೆ ಬಂದಿಲ್ಲ" ಎಂದರು. ಜನ ಬಿದ್ದು ಬಿದ್ದು ನಕ್ಕರು. ಮುಂದೆಯೇ ಕೂತಿದ್ದ ಆಕೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಆಯಿತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಮೇಷ್ಟ್ರು ಮಾತ್ರ ಪ್ರಶಸ್ತಿಪತ್ರಕ್ಕೆ ಕೈ ಚಾಚಲಿಲ್ಲ. ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ಇದು ನನಗೆ ಸಲ್ಲಲ್ಲ. ಆರು ಹೊಡೆದಾಗ ಇವಳು ಬೀದಿ ತಿರುವಲ್ಲಿ ಓಡಿ ಬರೋದು ನಂಗೆ ಕಾಣಿಸ್ತು. ಸಾಲಿನ ತುದಿಗೆ ಇದ್ದಿದ್ದು ಹತ್ತು ಹೆಜ್ಜೆ. ನಾನು ಮೂವತ್ತು ಮಾಡ್ಕೊಂಡು ನಡೆದೆ, ಬೇಕಂತಲೇ. ಆದ್ರೂ ಇವಳು ಮುಟ್ಟಲಿಲ್ಲ. ಈ ತಪ್ಪು ನನ್ನ ವರದಿಯಲ್ಲಿಲ್ಲ. ದಯವಿಟ್ಟು ಬರ್ಕೊಳ್ಳಿ."

ಅಯ್ಯೋ ನನ್ನ ಪುಣ್ಯಾತ್ಮ, ಎಂದುಕೊಂಡಳು ಆಕೆ. ಒಂದು ತಿಂಗಳಿನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅಧಿಕಾರಿ ಮೇಡಂ ನಿಜಕ್ಕೂ ಪೆನ್ನು ತೆಗೆಯುವುದು ಕಾಣಿಸಿತು. ಆಕೆ ದಡಬಡಿಸಿ ಎದ್ದು ನಿಂತಳು.

"ಬರ್ಕೋಬೇಡಿ ಮೇಡಂ! ಅವ್ರು ನಡೆಯೋದೇ ಹಾಗೆ, ಮದುವೆ ಆದಾಗಿಂದ ನೋಡ್ತಿದೀನಿ!"