ಹೂಂಗುಟ್ಟುವವಳು

ಫ್ಯಾನಿನ ನೆರಳು ಅವರ ಬೋಳುತಲೆಯ ಮೇಲೆ ಹಾದು ಹಾದು ಹೋಗುತ್ತಿದೆ, ತಲೆಯೂ ಅಲುಗುವುದಿಲ್ಲ, ಹುಬ್ಬೂ ಅಲುಗುವುದಿಲ್ಲ, ಒಂದು ಸಲ ತಲೆಯಾಡಿಸಿದರೆ ಇವರ ಗಂಟೇನು ಹೋಗುತ್ತದೆ — ಜರ್ಮನ್ ಮೌಖಿಕ ಪರೀಕ್ಷೆ, ಎದುರಿಗೆ ಪರೀಕ್ಷಕರು, ನನ್ನ ಹೆಸರು ಸಮನ್ವಿತಾ, ಮನೆ ಕತ್ರಿಗುಪ್ಪೆ, ಓದುತ್ತಿರುವುದು ಸ್ಟ್ಯಾಟಿಸ್ಟಿಕ್ಸ್, ಜೊತೆಗೆ ಜರ್ಮನ್, ಇಷ್ಟನ್ನೂ ನೀರು ಕುಡಿದ ಹಾಗೆ ಹೇಳಿದ್ದಾಯಿತು, ಆಮೇಲೆ ಅವರು ಕೇಳಿದರು, ಮನೆಯಲ್ಲಿ ನಿಮಗೆ ತೀರಾ ಹತ್ತಿರದವರು ಯಾರು, ಅವರ ಬಗ್ಗೆ ಹೇಳಿ. ನನ್ನ ಅಜ್ಜಿ, ಅಂದೆ. ಅಲ್ಲಿಗೆ ಮಾತು ನಿಲ್ಲಿಸಿದೆ. ಇಲ್ಲಿ ಒಂದು ಹೂಂ ಬರಬೇಕಿತ್ತು.

ಇಡೀ ಜರ್ಮನ್ ಕಲಿತದ್ದೇ ಆ ಹೂಂ ಹಿಡಿದುಕೊಂಡು, ದಿನಾ ಮನೆಯಲ್ಲಿ ಜೋರಾಗಿ ಮಾತಾಡಿ, ಯಾರಾದರೂ ಕೇಳಿಸಿಕೊಳ್ಳಲಿ ಎಂದಿದ್ದರು ಕ್ಲಾಸಿನ ಮೇಡಂ, ಯಾರು ಕೇಳುತ್ತಾರೆ, ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ, ಇರುವವಳು ವಾರಿಜಜ್ಜಿ ಒಬ್ಬಳೇ, ಅಡುಗೆಮನೆ ಬಾಗಿಲಲ್ಲಿ ಕಾಲು ಚಾಚಿ, ನೆನೆಸಿದ ಅವರೆಕಾಳನ್ನು ಮುಂದಿಟ್ಟುಕೊಂಡು ಒಂದೊಂದೇ ಹಿತುಕುತ್ತಾ — ಇದೇನೇ ಇದು, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸ್ದಂಗಿದೆ, ಹೂಂ, ಮುಂದೆ ಹೇಳು. ಚಿಕ್ಕಂದಿನಲ್ಲಿ ಕಥೆ ಹೇಳುವಾಗ ಅವಳೇ ಕಲಿಸಿದ್ದು, ಹೂಂ ಅಂತಿರ್ಬೇಕು ಪುಟ್ಟಿ, ಇಲ್ದಿದ್ರೆ ನಿದ್ದೆ ಬಂತು ಅಂತ ನಿಲ್ಲಿಸ್ಬಿಡ್ತೀನಿ. ಈಗ ಹೂಂಗುಟ್ಟುವ ಸರದಿ ಅವಳದು, ಜರ್ಮನಿಯ ರೈಲಿನ ವೇಳೆಗೂ ಹೂಂ, ಟೊಮೆಟೊ ಬೆಲೆಗೂ ಹೂಂ, ಧೈರ್ಯ ಬಂದಮೇಲೆ ನಾನು ಅಪ್ಪನನ್ನು ಬೈದದ್ದಕ್ಕೂ ಹೂಂ. ಎರಡು ದೋಣಿ ಮೇಲೆ ಕಾಲಿಡ್ಬೇಡ ಅಂತ ಆವತ್ತೇ ಹೇಳ್ದೆ, ಓರಲ್ಸಲ್ಲಿ ಡುಮ್ಕಿ ಹೊಡೆದ್ರೆ ಜರ್ಮನ್ ಬಿಟ್ಬಿಡು, ಅನ್ನ ಹಾಕೋದು ಸ್ಟ್ಯಾಟಿಸ್ಟಿಕ್ಸು, ಇದು ಅಪ್ಪ. ಅನ್ನ ಹಾಕುವುದು ಇರಲಿ, ಜಯನಗರದ ಡಾಕ್ಟರು ಅಜ್ಜಿಯ ರಿಪೋರ್ಟು ನೋಡಿ ಇಂಥವರಲ್ಲಿ ನೂರಕ್ಕೆ ಇಷ್ಟು ಜನ ವರ್ಷ ದಾಟುತ್ತಾರೆ ಎಂದು ಮೆತ್ತಗೆ ಹೇಳಿದಾಗ ಅಪ್ಪ ಪರವಾಗಿಲ್ವಲ್ಲ ಎಂದು ಉಸಿರು ಬಿಟ್ಟರು, ಕೆಳಗೆ ಪಾರ್ಕಿಂಗಿನಲ್ಲಿ ಆ ಅಂಕಿಯ ಅರ್ಥ ಬಿಡಿಸಿ ಹೇಳಬೇಕಾದದ್ದು ನಾನು, ಅಪ್ಪ ಸ್ಕೂಟರಿಗೆ ಒರಗಿ ನಿಂತು, ಅಜ್ಜಿ ಹತ್ರ ಬಾಯಿ ಬಿಡ್ಬೇಡ, ಗ್ಯಾಸ್ಟ್ರಿಕ್ ಅನ್ನೋಣ, ಅಂದರು. ಸ್ಟ್ಯಾಟಿಸ್ಟಿಕ್ಸ್ ಕಲಿತದ್ದಕ್ಕೆ ಅವತ್ತೊಂದು ದಿನ ನನಗೆ ನಿಜವಾಗಿ ಹೇಸಿಗೆಯಾಯಿತು.

ಗ್ಯಾಸ್ಟ್ರಿಕ್ ಗ್ಯಾಸ್ಟ್ರಿಕ್ ಎಂದು ಎಲ್ಲರೂ ಎಷ್ಟು ಹೇಳಿದ್ದೇವೆಂದರೆ ಅಜ್ಜಿ ತಾನೇ ಜೀರಿಗೆ ಕಷಾಯ ಕುದಿಸಿಕೊಂಡು ಕುಡಿಯುತ್ತಾಳೆ, ಎದುರಿಗೆ ಕೂತು ನಾನು ನಗುತ್ತೇನೆ, ಕನ್ನಡದಲ್ಲಿ ಆ ಮಾತು ನನ್ನ ಬಾಯಿಂದ ಬರುವುದು ಸಾಧ್ಯವೇ ಇಲ್ಲ, ಜರ್ಮನ್‌ನಲ್ಲಿ ಬಂತು, ಗೋಡೆಗೆ ಹೇಳಿಕೊಂಡ ಹಾಗೆ ತಾನೆ ಎಂದುಕೊಂಡೆ, ಮೊನ್ನೆ ಮಧ್ಯಾಹ್ನ, ನನ್ನ ಅಜ್ಜಿಯ ಹೆಸರು ವಾರಿಜಾ, ಹೂಂ, ಅವಳು ಸಾರಿಗೆ ಬೆಲ್ಲ ಹಾಕುತ್ತಾಳೆ, ಹೂಂ, ಅವಳು ಮುಂದಿನ ಅವರೆಕಾಯಿ ಕಾಲಕ್ಕೆ ಇರುವುದಿಲ್ಲ, ಅದು ಅವಳಿಗೆ ಗೊತ್ತಿಲ್ಲ — ಅಜ್ಜಿಯ ಬೆರಳು, ಬೇಡ, ಆ ಬೆರಳಿನ ಕಡೆ ನೋಡಬೇಡ, ಬೇರೆ ಏನಾದರೂ ಹೇಳು, ಸೀರೆಯ ಬಣ್ಣ ಹೇಳು, ನಿಧಾನವಾಗಿ ಹೇಳಿ, ಅವಸರವಿಲ್ಲ ಎನ್ನುತ್ತಿದ್ದಾರೆ ಪರೀಕ್ಷಕರು, ಒಳ್ಳೆಯವರೇ ಪಾಪ, ಆದರೆ ಅಜ್ಜಿಯ ಬಗ್ಗೆ ಇನ್ಯಾವ ವಾಕ್ಯವೂ ನಾಲಿಗೆಗೆ ಬರುತ್ತಿಲ್ಲ, ಅದೊಂದೇ, ಒಂದು ತಪ್ಪೂ ಇಲ್ಲದೆ, ಬಾಯೊಳಗೆ ಸಿದ್ಧವಾಗಿ ಕೂತಿದೆ, ಹೇಳಿದರೆ ಪಾಸು — ಬೆಳಗ್ಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಅಜ್ಜಿ ಗೋಡೆ ಹಿಡಿದುಕೊಂಡು ಬಾಗಿಲವರೆಗೂ ಬಂದಳು, ನನ್ನ ದುಪಟ್ಟಾ ಸರಿ ಮಾಡಿದಳು, ಮೊನ್ನೆ ನಂಗೆ ಹೇಳಿದ್ಯಲ್ಲ, ಅದೊಂದನ್ನ ಅಲ್ಲಿ ಹೇಳ್ಬೇಡ ಪುಟ್ಟಿ, ಅತ್ಬಿಡ್ತೀಯ, ಅಂದಳು. ನನ್ನ ಆ ವಾಕ್ಯಕ್ಕೆ ಮೊನ್ನೆ ಹೂಂ ಬಂದಿರಲಿಲ್ಲ. ಬೆರಳು ನಿಂತಿತ್ತು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಅವರೆಕಾಳು, ಸಿಪ್ಪೆಯಿಂದ ಅರ್ಧ ಹೊರಗೆ, ಅರ್ಧ ಒಳಗೆ