ಚಿಲಕ ಮಾಸ್ತರರ ಕೂಗು

ಹೆಣ ಬೀಗ ಹಾಕಿದ ಕೋಣೆಯೊಳಗೆ, ಕೊಲೆಗಾರ ಮಾತ್ರ ಹೊರಗೆ. ಇದೊಂದೇ ಸರಕನ್ನು ಜೀವಮಾನವಿಡೀ ಮಾರಿದ ಪತ್ತೇದಾರಿ ಕಾದಂಬರಿಕಾರರಿಗೆ ಓದುಗರೇ ಇಟ್ಟ ಹೆಸರು ಚಿಲಕ ಮಾಸ್ತರ. ತಾವು ಮಾಡಿ ನೋಡದ ಉಪಾಯವನ್ನು ಮಾಸ್ತರರು ಬರೆದವರಲ್ಲ. ಅವರು ಕಿಟಕಿಯಿಲ್ಲದ ಉಗ್ರಾಣಕ್ಕೆ ಹೋಗಿ ನಿಂತರೆ ಹೆಂಡತಿ ಹೊರಗಿನಿಂದ ಚಿಲಕ ಹಾಕಬೇಕು. ಒಳಗೆ ಅವರು ದಾರ, ತಂತಿ ಹಿಡಿದು ಹೆಣಗಾಡುತ್ತ ಸಾಯುವವನ ಮಾತನ್ನೂ ಕೂಗಿ ನೋಡುತ್ತಿದ್ದರು. ಕಿವಿಗೆ ನಿಜ ಅನ್ನಿಸಿದರೆ ಮಾತ್ರ ಅದು ಪುಸ್ತಕಕ್ಕೆ. ಒಮ್ಮೆ ಅವಳು ಗಾಬರಿಯಾಗಿ ನಡುವೆ ಬಾಗಿಲು ತೆರೆದದ್ದಕ್ಕೆ ವಾರವಿಡೀ ಮುಖ ಊದಿಸಿಕೊಂಡಿದ್ದರು. ಅಂದಿನಿಂದ ಕಟ್ಟಪ್ಪಣೆ: ಏನು ಕೂಗಿದರೂ ತೆರೆಯಕೂಡದು.

ಈ ಸಲ ದಾರ ತುಂಡಾಯಿತು. ಅಟ್ಟದಿಂದ ಧೂಳು ಸುರಿದು ಮಾಸ್ತರರ ಹಳೆಯ ಉಬ್ಬಸ ಎದ್ದು ಕೂತಿತು. ಉಸಿರಿಗೆ ಎಳೆದುಕೊಳ್ಳುವ ಪಂಪು ಬರೆಯುವ ಮೇಜಿನ ಮೇಲೆಯೇ ಉಳಿದಿತ್ತು.

"ಲೇ, ಬಾಗಿಲು ತೆಗಿಯೇ. ಉಸಿರಾಡಕ್ಕಾಗ್ತಿಲ್ಲ."

"ಚೆನ್ನಾಗಿದೆ ರೀ," ಅಂದಳು ಹೆಂಡತಿ ಅಡುಗೆಮನೆಯಿಂದ. "ಇನ್ನೂ ಸ್ವಲ್ಪ ಎಳೆದು ಹೇಳಿ."

"ನಾಟಕ ಅಲ್ಲ ಕಣೇ, ನಿಜವಾಗ್ಲೂ."

"ಅದು ಡಾಕ್ಟರ್ ಸತ್ತ ಪುಸ್ತಕದಲ್ಲೇ ಬಂತಲ್ಲ."

ಮಾಸ್ತರರು ಅವಳನ್ನು ಮುದ್ದಿನ ಹೆಸರಿನಿಂದ ಕರೆದರು. ಅದೂ ಬಂದಿತ್ತು. ತೀರಿಹೋದ ಅಮ್ಮನ ಮೇಲೆ ಆಣೆಯಿಟ್ಟರು. ಅದಂತೂ ಎರಡು ಸಲ ಬಂದಿತ್ತು. ಪುಣ್ಯಾತ್ಮ ಮನೆಯ ಮಾತನ್ನೆಲ್ಲ ಹೆಣಗಳ ಬಾಯಿಗೆ ಹಾಕಿ, ತನ್ನ ಬಾಯಿಗೆಂದು ಒಂದನ್ನೂ ಉಳಿಸಿಕೊಂಡಿರಲಿಲ್ಲ. ಬಾಗಿಲು ಬಡಿದರು. ಬಡಿಯುವುದು ಯಾವ ಪುಸ್ತಕದಲ್ಲಿ ಇರಲಿಲ್ಲ? ಈಗ ಅವರಿಗೆ ನಿಜಕ್ಕೂ ಜೀವಭಯವಾಯಿತು.

ಆಗ ಹೊಳೆಯಿತು. ಬರೆದಷ್ಟನ್ನು ಮೊದಲು ಓದುತ್ತಿದ್ದವಳು ಹೆಂಡತಿಯೇ. ಆದರೆ ಅವಳು ಎಷ್ಟು ಗೋಗರೆದರೂ ಕೊನೆಯ ಅಧ್ಯಾಯಕ್ಕೆ ಮುಂಚೆ ಒಂದು ಮಾತನ್ನು ಮಾತ್ರ ಅವರು ಎಂದೂ ಬಿಟ್ಟುಕೊಟ್ಟಿರಲಿಲ್ಲ.

ಬಾಗಿಲ ಸಂದಿಗೆ ಬಾಯಿಟ್ಟು ಹೇಳಿದರು, "ಈ ಸಲ... ಕೊಂದಿದ್ದು... ಹಿರೀ ಸೊಸೆ."

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಚಿಲಕ ಸರಿಯಿತು. ಅವಳು ಓಡಿಹೋಗಿ ಪಂಪು ತಂದು ಬಾಯಿಗಿಟ್ಟಳು.

ಉಸಿರು ಹಿಡಿತಕ್ಕೆ ಬಂದಮೇಲೂ ಅವಳು ಪಂಪು ಕೆಳಗಿಡಲಿಲ್ಲ. "ಕೊಂದಿದ್ದು ಯಾರು ಅಂತ ನೀವಾಗೇ ಹೇಳ್ಬಿಟ್ರಲ್ಲ," ಅಂದಳು ಅಳುತ್ತ. "ಹೋಗೇಬಿಟ್ರಿ ಅಂದ್ಕೊಂಡೆ."

ಮಾಸ್ತರರಿಗೆ ತಪ್ಪಾಯ್ತು ಅನ್ನಬೇಕೆನಿಸಿತು. ಅದನ್ನು ಹಿಂದೆಯೇ ಒಬ್ಬ ಕೊಲೆಗಾರನ ಬಾಯಲ್ಲಿ, ನಂಬಬಾರದ ಮಾತಾಗಿ, ಆಡಿಸಿಬಿಟ್ಟಿದ್ದರು. ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡರು.