ಎಸಳು ಬಿಟ್ಟ ರಕ್ತಕಣ

ನನ್ನ ಹೊಟ್ಟೆಕಿಚ್ಚಿನ ಕಥೆಯನ್ನು ನಾನೇ ಹೇಳಿಬಿಡುತ್ತೇನೆ. ಕಾಗೊಶಿಮಾದ ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣೊತ್ತಿ ಕೂತವಳು ಈ ಫುಸಾಯೆ. ನನ್ನ ಕೈಕೆಳಗಿನ ಹುಡುಗಿ ಚಿನಾಮಿ ಬಂದು ಬರೀ ಎರಡು ವರ್ಷ. ಆದರೂ ಡಾಕ್ಟರ್ ಸಕೋದಾ ಬಾಗಿಲಲ್ಲೇ ನಿಂತು, "ಚಿನಾಮಿ ನೋಡಿದ್ಳಾ?" ಎಂದು ಕೇಳುತ್ತಾರೆ. ಹಾಗಾದರೆ ನಾನೇನು ಗೊಂಬೆಯೇ? ಮೈಯೆಲ್ಲ ಉರಿಯುತ್ತಿತ್ತು.

ಆ ಸೋಮವಾರ ಅವಳು ತಲೆಯೆತ್ತಿ, "ಅಕ್ಕ, ಈ ಸ್ಲೈಡ್ ನೋಡಿ. ಹೂವಿನ ಕಣ ಇದ್ದ ಹಾಗಿದೆ," ಎಂದಳು.

ನಮ್ಮ ಕಡಲತೀರದವರನ್ನು ಕಾಡುವ ಆ ಅಪರೂಪದ ರಕ್ತ ಕ್ಯಾನ್ಸರಿನಲ್ಲಿ ಬಿಳಿ ರಕ್ತಕಣದ ನಡುಭಾಗ ದುಂಡಗಿರದೆ ಹೂವಿನಂತೆ ಎಸಳೆಸಳಾಗಿ ಬಿಚ್ಚಿಕೊಂಡಿರುತ್ತದೆ. ಆದರೆ ಕೊಳವೆಯಲ್ಲಿ ಒಂದು ದಿನ ನಿಂತ ರಕ್ತವೂ ಹಾಗೇ ಎಸಳು ಬಿಟ್ಟು ಮೋಸ ಮಾಡುವುದುಂಟು. ದ್ವೀಪಗಳಿಂದ ಲಾಂಚಿನಲ್ಲಿ ಬರುವ ರಕ್ತ ಅಂಥದ್ದು. ಈ ಕೊಳವೆಯೂ ದ್ವೀಪದ ರಕ್ತ ಇಡುವ ಸ್ಟ್ಯಾಂಡಿನಲ್ಲೇ ಇತ್ತು.

"ನಿನ್ನೆಯ ರಕ್ತ ಕಣೇ ಇದು. ಕಂಡಿದ್ದೆಲ್ಲ ಹೂವೇನಾ ನಿಂಗೆ? ಇಲ್ಲಿಗೇನು ತೋಟ ಮಾಡೋಕೆ ಬಂದಿದ್ದೀಯಾ?" ಎಂದೆ.

ಅವಳ ಮುಖ ಚಿಕ್ಕದಾಯಿತು. "ತಪ್ಪಾಯ್ತು ಅಕ್ಕ," ಎಂದು ತಲೆಬಾಗಿ, ವರದಿಯಲ್ಲಿ ಬರೆದದ್ದನ್ನು ಹೊಡೆದುಹಾಕಿದಳು.

ಕೊಳವೆಯ ಚೀಟಿಯಲ್ಲಿ ಅಂದೇ ಬೆಳಿಗ್ಗೆ ಎಂಟೂವರೆ ಎಂದಿತ್ತು. ಮೀನುಗಾರ ಹಮಾಜಾಕಿ ದ್ವೀಪದಿಂದ ಖುದ್ದಾಗಿ ಆಸ್ಪತ್ರೆಗೆ ಬಂದು ಕೊಟ್ಟ ರಕ್ತ. ಯಾರೋ ತಪ್ಪು ಸ್ಟ್ಯಾಂಡಿಗಿಟ್ಟಿದ್ದರು. ನಾನು ಅದನ್ನು ಓದಿದ್ದೆ. ಓದಿಯೂ ‘ದೋಷವಿಲ್ಲ’ ಎಂದು ನನ್ನ ಮೊಹರು ಒತ್ತಿದೆ.

ಮಧ್ಯಾಹ್ನ ಊಟದ ಡಬ್ಬಿ ತೆರೆದವಳು ಮತ್ತೆ ಮುಚ್ಚಿಟ್ಟೆ. ಹೋಗಿ ಸ್ಲೈಡ್ ನೋಡಿದೆ. ನೂರು ಕಣಕ್ಕೆ ಹನ್ನೆರಡು ಹೂವು! ಹಮಾಜಾಕಿ ಮರಳುವ ಲಾಂಚು ಒಂದು ಗಂಟೆಗೆ. ಡಾಕ್ಟರಿಗೆ ಫೋನು ಮಾಡಿದೆ. ಹಡಗುಕಟ್ಟೆಯಿಂದ ಅವನನ್ನು ವಾಪಸು ಕರೆತಂದರು.

ಸಕೋದಾ ನಮ್ಮಲ್ಲಿಗೆ ಬಂದು, "ಫುಸಾಯೆ ಅವರೇ, ನೀವಿಲ್ದಿದ್ರೆ ಆ ಮನುಷ್ಯ ಕೈತಪ್ಪಿ ಹೋಗ್ತಿದ್ದ," ಎಂದರು. ಎರಡು ವರ್ಷದಿಂದ ನಾನು ಕಾದಿದ್ದ ಮಾತು. ನಾಚಿಕೆಯಿಂದ ಕುಗ್ಗಿಹೋದೆ.

ಚಿನಾಮಿಯ ಕಣ್ಣಲ್ಲಿ ನೀರು. "ನಾನು ಹೊಡೆದುಹಾಕಿಬಿಟ್ಟಿದ್ದೆ. ಸದ್ಯ, ನೀವು ಮತ್ತೆ ನೋಡಿದ್ರಲ್ಲ ಅಕ್ಕ."

"ಹೊಸ ರಕ್ತ ಅಂತ ನಂಗೆ ಆಗ್ಲೇ ಗೊತ್ತಿತ್ತು," ಎಂದುಬಿಟ್ಟೆ, ಡಾಕ್ಟರ ಎದುರೇ. "ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಹಾಗಂದೆ."

ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡೆ. ಅವಳು ಕಣ್ಣೊರೆಸಿಕೊಂಡು ಕೇಳಿದಳು.

"ಇದಕ್ಕೆ ಮುಂಚೆ ಎಷ್ಟು ಸಲ, ಅಕ್ಕ?"

ಒಂದು ಸಲವೂ ಇಲ್ಲ ಎನ್ನಲು ಬಾಯಿ ತೆರೆದೆ. ಅದು ನಿಜವೆಂದು ನನಗೇ ಖಾತ್ರಿಯಿರಲಿಲ್ಲ. ಹಳೆಯ ಸ್ಲೈಡುಗಳ ಕಪಾಟಿನ ಬೀಗದಕೈ ತೆಗೆದು ಅವಳ ಕೈಗಿಟ್ಟೆ.